ಕಾರ್ಡ್ ಯಾವುದು ಅಂತ ಆಮೇಲೆ ಕೇಳಿ, ಮೊದಲು ಡಬ್ಬ ಬಿಚ್ಚಿ

ಸೆಮಿಸ್ಟರ್ ಶುರುವಾಗಿ ಎರಡು ವಾರ ಆಗಿರಲ್ಲ, ನಮ್ಮ ಬ್ಯಾಚಿನ ವಾಟ್ಸಾಪ್ ಗ್ರೂಪಲ್ಲಿ ಯಾರಾದರೊಬ್ಬರು ಆ ಪ್ರಶ್ನೆ ಹಾಕೇ ಹಾಕುತ್ತಾರೆ. "ಮಗಾ, 25 ಸಾವಿರದೊಳಗೆ ಯಾವ ಗ್ರಾಫಿಕ್ಸ್ ಕಾರ್ಡ್ ತಗೊಳ್ಳಲಿ?" ಐದು ನಿಮಿಷದಲ್ಲಿ ಹದಿನೈದು ಉತ್ತರ. ಒಬ್ಬ ಎನ್ವಿಡಿಯಾ ಬಿಟ್ಟು ಬೇರೆ ನೋಡಲೇಬೇಡ ಅಂತಾನೆ. ಇನ್ನೊಬ್ಬ ಎಎಂಡಿ ತಗೋ, ದುಡ್ಡು ಉಳಿಯುತ್ತೆ ಅಂತಾನೆ. ಮತ್ತೊಬ್ಬ "ಇನ್ನೊಂದು ಐದು ಸಾವಿರ ಹಾಕಿಬಿಡು" ಅಂತಾನೆ. (ಈ ಸಲಹೆ ಕೊಡೋನು ಯಾವತ್ತೂ ಆ ಐದು ಸಾವಿರ ಕೊಡಲ್ಲ.) ಕೇಳಿದವನ ಹತ್ತಿರ ಯಾವ ಮಾನಿಟರ್ ಇದೆ, ಯಾವ ಪ್ರೊಸೆಸರ್ ಇದೆ, ಒಳಗೆ ಯಾವ ಎಸ್‌ಎಂಪಿಎಸ್ ಕೂತಿದೆ ಅಂತ ಮಾತ್ರ ಒಬ್ಬರೂ ಕೇಳಲ್ಲ.

ನಾವೂ ಕೇಳುತ್ತಿರಲಿಲ್ಲ. ಅದಕ್ಕೆ ನಾವು ಕಟ್ಟಿದ ಫೀಸು 3,000 ರೂಪಾಯಿ. ಜೊತೆಗೆ ಏನೂ ತಪ್ಪು ಮಾಡದ ಒಬ್ಬರನ್ನ ಮೋಸಗಾರ ಅಂದುಬಿಟ್ಟೆವು. ಈ ಲೇಖನ ಬರೀತಿರೋದು ಮುಖ್ಯವಾಗಿ ಆ ಎರಡನೇ ಕಾರಣಕ್ಕೆ.

ನಾವು ಅಂದರೆ ಕಾಲೇಜಿನ ಹಿಂದಿನ ಗಲ್ಲಿಯ ಬಾಡಿಗೆ ಮನೆಯಲ್ಲಿರೋ ನಾಲ್ಕು ಜನ. ಅರಸೀಕೆರೆ, ಹುಬ್ಬಳ್ಳಿ, ಮೈಸೂರು, ಶಿವಮೊಗ್ಗ. ನಾಲ್ಕೂ ಇಂಗ್ಲಿಷ್ ಮೀಡಿಯಂ ಸರಕು, ಆದ್ದರಿಂದ ಒತ್ತಕ್ಷರ ತಪ್ಪಿದ್ದರೆ ದಯವಿಟ್ಟು ಎಡಿಟರ್ ಕಡೆ ನೋಡಿ. ನಾಲ್ಕು ಜನಕ್ಕೆ ಸೇರಿ ಒಂದು ಪಿಸಿ. ಕಳೆದ ವರ್ಷ ಪಾಸಾಗಿ ಹೋದ ಸೀನಿಯರ್ ಒಬ್ಬರಿಂದ ತಗೊಂಡಿದ್ದು. ರೈಜೆನ್ 5 3600 ಪ್ರೊಸೆಸರ್, ಬಿ450 ಬೋರ್ಡು, 16 ಜಿಬಿ ರ‍್ಯಾಮ್, 4 ಜಿಬಿಯ ಜಿಟಿಎಕ್ಸ್ 1650, 75 ಹರ್ಟ್ಸಿನ ಒಂದು 1080ಪಿ ಮಾನಿಟರ್. ಎಸ್‌ಎಂಪಿಎಸ್ ಮೇಲೆ ದೊಡ್ಡದಾಗಿ 450 ವ್ಯಾಟ್ ಅಂತ ಬರೆದಿತ್ತು. ನಮಗೆ ಅಷ್ಟು ಸಾಕಾಗಿತ್ತು.

ವ್ಯಾಲರಂಟ್ ಆಡುವವರೆಗೆ ಏನೂ ತೊಂದರೆ ಇರಲಿಲ್ಲ. ಫೋರ್ಜಾ ಹಾರೈಜನ್ 5 ಹಾಕಿದ ದಿನ 1650 ಏದುಸಿರು ಬಿಡೋಕೆ ಶುರು ಮಾಡಿತು. ನಾಲ್ಕೂ ಜನ ದುಡ್ಡು ಸೇರಿಸಿ 6,500ಕ್ಕೆ ಒಂದು ಸೆಕೆಂಡ್ ಹ್ಯಾಂಡ್ ಆರ್‌ಎಕ್ಸ್ 580 ತಂದೆವು. 2017ರ ಕಾರ್ಡು, ಆದರೆ 8 ಜಿಬಿ ಮೆಮೊರಿ. ಮಾರಿದವರು ಕೆಲಸಕ್ಕೆ ಹೋಗೋ ಒಬ್ಬ ಅಣ್ಣ. ಮೆಟ್ರೋ ಸ್ಟೇಷನ್ ಕೆಳಗೆ ಬಂದು ಕೊಟ್ಟರು, ಅವರ ಪಿಸಿಯಲ್ಲಿ ಓಡ್ತಿರೋ ವಿಡಿಯೊ ಕೂಡ ತೋರಿಸಿದರು. "ಬೇಕಾದ್ರೆ ಮನೆಗೆ ಬಂದು ಟೆಸ್ಟ್ ಮಾಡಿ ತಗೊಳ್ರಪ್ಪಾ" ಅಂದಿದ್ದರು. ನಾವೇ "ಪರವಾಗಿಲ್ಲಣ್ಣ" ಅಂದಿದ್ದು.

ಕಾರ್ಡಿಗೆ 8 ಪಿನ್ನಿನ ಪವರ್ ಕೇಬಲ್ ಬೇಕು, ನಮ್ಮ ಎಸ್‌ಎಂಪಿಎಸ್‌ನಲ್ಲಿ ಅದೇ ಇರಲಿಲ್ಲ. ಇಲ್ಲೇ ನಮಗೆ ಅನುಮಾನ ಬರಬೇಕಿತ್ತು. ಬರಲಿಲ್ಲ. ಎರಡು ಮೊಲೆಕ್ಸ್ ಸೇರಿಸಿ 8 ಪಿನ್ ಮಾಡೋ ಕನ್ವರ್ಟರ್ 150 ರೂಪಾಯಿಗೆ ಸಿಗುತ್ತೆ, ತಂದು ಸಿಕ್ಕಿಸಿದೆವು. ವ್ಯಾಲರಂಟ್ ಓಡಿತು. ಕುಣಿದಾಡಿದೆವು. ಫೋರ್ಜಾ ಹಾಕಿದೆವು, ಹತ್ತು ನಿಮಿಷ ಆಡಿದೆವು, ಟಪ್. ಇಡೀ ಪಿಸಿ ಆಫ್. ಬ್ಲೂ ಸ್ಕ್ರೀನ್ ಇಲ್ಲ, ಎರರ್ ಇಲ್ಲ, ಮನೆಯಲ್ಲಿ ಕರೆಂಟ್ ಹೋದ ಹಾಗೆ. ಮತ್ತೆ ಹಾಕಿದರೆ ಮತ್ತೆ ಟಪ್. ಡ್ರೈವರ್ ಅಳಿಸಿ ಹಾಕಿದೆವು, ವಿಂಡೋಸ್ ಹೊಸದಾಗಿ ಹಾಕಿದೆವು, ರ‍್ಯಾಮ್ ಕಿತ್ತು ರಬ್ಬರಿನಿಂದ ಉಜ್ಜಿ ಹಾಕಿದೆವು. 1650 ವಾಪಸ್ ಹಾಕಿದರೆ ಎಲ್ಲ ಸರಿ. ಅಲ್ಲಿಗೆ ತೀರ್ಪು ಆಯ್ತಲ್ಲ, ಕಾರ್ಡೇ ಕೆಟ್ಟಿದೆ, ಮೈನಿಂಗ್ ಮಾಡಿ ಸವೆಸಿ ನಮ್ಮ ತಲೆಗೆ ಕಟ್ಟಿದಾರೆ.

ಆ ಅಣ್ಣನಿಗೆ ನಾವು ಕಳಿಸಿದ ಮೆಸೇಜು ಇಲ್ಲಿ ಹಾಕೋ ಹಾಗಿಲ್ಲ. ಅವರು ಎರಡು ಸಲ ಶಾಂತವಾಗಿ "ನಿಮ್ಮ ಪವರ್ ಸಪ್ಲೈ ಯಾವುದು?" ಅಂತ ಕೇಳಿದರು. ತಪ್ಪಿಸಿಕೊಳ್ಳೋಕೆ ಹೇಳ್ತಿದಾರೆ ಅಂದುಕೊಂಡು ಬ್ಲಾಕ್ ಮಾಡಿದೆವು. ಕಾರ್ಡನ್ನ "ಇದರಲ್ಲಿ ಪ್ರಾಬ್ಲಂ ಇದೆ" ಅಂತ ಪ್ರಾಮಾಣಿಕವಾಗಿ ಹೇಳಿಯೇ ಹಾಸ್ಟೆಲ್ಲಿನ ಜೂನಿಯರ್ ಒಬ್ಬನಿಗೆ 3,500ಕ್ಕೆ ಕೊಟ್ಟೆವು. ವಾರ ಬಿಟ್ಟು ಕ್ಯಾಂಟೀನಲ್ಲಿ ಸಿಕ್ಕಾಗ ಅವನು, "ಅಣ್ಣಾ, ಏನೂ ಪ್ರಾಬ್ಲಂ ಇಲ್ವಲ್ಲ, ಚೆನ್ನಾಗೇ ಓಡ್ತಿದೆ" ಅಂದ. ಅದೃಷ್ಟ ಮಾಡಿದ್ಯ ಬಿಡು ಅಂದೆವು. ಇಂಜಿನಿಯರಿಂಗ್ ಓದೋ ನಾಲ್ಕು ಜನಕ್ಕೆ ಅಷ್ಟು ದೊಡ್ಡ ಸಾಕ್ಷಿ ಎದುರಿಗೆ ನಿಂತು ಮಾತಾಡಿದರೂ ಅರ್ಥ ಆಗಲಿಲ್ಲ.

ಅರ್ಥ ಆಗಿದ್ದು ನಾಲ್ಕು ತಿಂಗಳ ಮೇಲೆ. ಮತ್ತೆ ದುಡ್ಡು ಕೂಡಿಸಿ, ಈ ಸಲ ಬುದ್ಧಿವಂತರಾಗಿ ಮಾರುವವರ ಮನೆಗೇ ಹೋಗಿ ಒಂದು ಗಂಟೆ ಟೆಸ್ಟ್ ಮಾಡಿ, 17,000ಕ್ಕೆ 12 ಜಿಬಿಯ ಆರ್‌ಟಿಎಕ್ಸ್ 3060 ತಂದೆವು. ಅಲ್ಲಿ ಬೆಣ್ಣೆ ಥರ ಓಡಿದ ಕಾರ್ಡು ನಮ್ಮನೆಯಲ್ಲಿ ಟಪ್. ಅದೇ ಟಪ್! ರಾತ್ರಿ ಹನ್ನೊಂದೂವರೆಗೆ ನಾಲ್ಕು ಜನ ಮಾತಿಲ್ಲದೆ ಕೂತಿದ್ದೆವು. ಹುಬ್ಬಳ್ಳಿಯವನು ಕೊನೆಗೆ, "ಕಾರ್ಡ್ ಅಲ್ಲಲೇ, ನಾವ ಕೆಟ್ಟೇವಿ" ಅಂದ.

ಮರುದಿನ ಎಸ್‌ಎಂಪಿಎಸ್ ಬಿಚ್ಚಿ ಬ್ಯಾಗಲ್ಲಿ ಹಾಕಿಕೊಂಡು ಎಲೆಕ್ಟ್ರಿಕಲ್ ಲ್ಯಾಬಿನ ಇನ್‌ಸ್ಟ್ರಕ್ಟರ್ ಸರ್ ಹತ್ತಿರ ಹೋದೆವು. ಅವರು ಆನ್ ಕೂಡ ಮಾಡಲಿಲ್ಲ. ಕನ್ನಡಕ ಮೇಲೆತ್ತಿ ಪಕ್ಕದ ಸ್ಟಿಕ್ಕರ್ ಓದಿದರು. "12 ವೋಲ್ಟಿಗೆ ಎಷ್ಟು ಆಂಪ್ಸ್ ಬರೆದಿದಾನೆ ನೋಡ್ರೋ." 18 ಆಂಪ್ಸ್. "ಗುಣಿಸಿ." 216 ವ್ಯಾಟ್. "ಹೊರಗಡೆ 450 ಅಂತ ಬರೆದಿರೋದು 3.3 ವೋಲ್ಟು, 5 ವೋಲ್ಟು ಎಲ್ಲ ಸೇರಿಸಿ. ನಿಮ್ಮ ಪ್ರೊಸೆಸರ್, ಕಾರ್ಡು ಎರಡೂ ತಿನ್ನೋದು 12 ವೋಲ್ಟಿಂದ."

ಲೆಕ್ಕ ಅಷ್ಟೇ. 3600 ಪೂರ್ತಿ ಓಡಿದರೆ 88 ವ್ಯಾಟ್‌ವರೆಗೆ ಎಳೆಯುತ್ತೆ. ಆರ್‌ಎಕ್ಸ್ 580ಗೆ 185. ಸೇರಿಸಿದರೆ 273. ನಮ್ಮ ಡಬ್ಬದಲ್ಲಿದ್ದದ್ದು 216. 3060ಗೆ 170 ವ್ಯಾಟ್, ಅದೂ ದಾಟುತ್ತೆ. 1650 ಬರೀ 75 ವ್ಯಾಟಿನ ಕಾರ್ಡು, ಅದಕ್ಕೇ ಅದೊಂದು ಮಾತ್ರ ಸುಮ್ಮನೆ ಓಡುತ್ತಿತ್ತು. ವೋಲ್ಟೇಜ್ ಇಂಟು ಕರೆಂಟ್ ಅನ್ನೋದನ್ನ ಫಸ್ಟ್ ಸೆಮ್ಮಲ್ಲಿ ಬರೆದು ಮಾರ್ಕ್ಸ್ ತಗೊಂಡಿದ್ದೆವು. ಟೇಬಲ್ ಕೆಳಗಿದ್ದ ಡಬ್ಬಕ್ಕೂ ಅದೇ ಸೂತ್ರ ಅಂತ ಯಾರಿಗೂ ಹೊಳೆದಿರಲಿಲ್ಲ. ಹಾಗೆ ಆಫ್ ಆದದ್ದು ನಮ್ಮ ಪುಣ್ಯ ಅಂತಲೂ ಸರ್ ಹೇಳಿದರು. ಅಗ್ಗದ ಎಸ್‌ಎಂಪಿಎಸ್‌ಗಳಲ್ಲಿ ಆಫ್ ಆಗೋ ರಕ್ಷಣೆಯೂ ಇಲ್ಲದೆ ಬೋರ್ಡು ಸಮೇತ ಸುಡೋದುಂಟಂತೆ.

ಎಸ್.ಪಿ. ರೋಡಿಗೆ ಹೋಗಿ 4,200ಕ್ಕೆ ಒಂದು 550 ವ್ಯಾಟಿನದು ತಂದೆವು. ಈ ಸಲ ಅಂಗಡಿಯಲ್ಲೇ ಡಬ್ಬ ತಿರುಗಿಸಿ ಸ್ಟಿಕ್ಕರ್ ಓದಿದೆವು, 12 ವೋಲ್ಟಿಗೆ 45 ಆಂಪ್ಸ್. 1650 ಮಾರಿದ ದುಡ್ಡು ಅದಕ್ಕೇ ಹೋಯಿತು. ಅವತ್ತಿಂದ ಟಪ್ ಇಲ್ಲ.

ಆ ಅಣ್ಣನನ್ನ ಅನ್‌ಬ್ಲಾಕ್ ಮಾಡಿ ಕ್ಷಮೆ ಕೇಳೋದು ಯಾರು ಅಂತ ಎರಡು ದಿನ ಚರ್ಚೆ ಆಯಿತು. ಕೊನೆಗೆ ನಾಲ್ಕು ಜನದ ಹೆಸರೂ ಹಾಕಿ ಬರೆದೆವು, ನಡೆದದ್ದನ್ನೆಲ್ಲ, 18 ಆಂಪ್ಸ್ ಸಮೇತ. ಒಂದು ಇಡೀ ದಿನ ನೀಲಿ ಟಿಕ್ ಬಂದು ಸುಮ್ಮನಿತ್ತು. ಆಮೇಲೆ ಒಂದೇ ಸಾಲು ಬಂತು, "ಈಗ ಯಾವ ಸಪ್ಲೈ ಹಾಕಿದ್ರಿ?"

ಇಷ್ಟೆಲ್ಲ ಆದ ಮೇಲೆ ನಮ್ಮ ಅಭಿಪ್ರಾಯ ಹೀಗಿದೆ. "ಯಾವ ಕಾರ್ಡ್ ಚೆನ್ನಾಗಿದೆ" ಅನ್ನೋದು ಕೊನೆಯ ಪ್ರಶ್ನೆ. ಅದನ್ನ ಮೊದಲು ಕೇಳೋದರಿಂದಲೇ ದುಡ್ಡು ಹಾಳಾಗೋದು. ಯೂಟ್ಯೂಬಲ್ಲಿ ರಿವ್ಯೂ ಮಾಡುವವರು ಎಲ್ಲ ಕಾರ್ಡಿಗೂ ಮಾರ್ಕೆಟ್ಟಿನ ಅತಿ ವೇಗದ ಪ್ರೊಸೆಸರ್ ಹಾಕಿ ಟೆಸ್ಟ್ ಮಾಡುತ್ತಾರೆ. ಅವರು ಮಾಡೋದು ಸರಿಯೇ, ಕಾರ್ಡಿನ ತಾಕತ್ತು ಮಾತ್ರ ಕಾಣಬೇಕಲ್ಲ. ತಪ್ಪು ನೋಡೋ ನಮ್ಮದು. ಆ ಗ್ರಾಫಿನ ಕಂಬ ನಮ್ಮ ಮನೆಯಲ್ಲೂ ಅಷ್ಟೇ ಉದ್ದ ಬರುತ್ತೆ ಅಂದುಕೊಳ್ಳುತ್ತೇವೆ.

ಮೊದಲು ನೋಡಬೇಕಾದ್ದು ಮಾನಿಟರ್. 1080ಪಿ ಅಂದರೆ ಪ್ರತಿ ಫ್ರೇಮಿಗೆ ಸುಮಾರು 20.7 ಲಕ್ಷ ಪಿಕ್ಸೆಲ್, 1440ಪಿ ಅಂದರೆ 36.9 ಲಕ್ಷ, 4ಕೆ ಅಂದರೆ 82.9 ಲಕ್ಷ. ಅಷ್ಟಷ್ಟು ಕೆಲಸ ಜಾಸ್ತಿ. ನಮ್ಮದು 75 ಹರ್ಟ್ಸ್, ಅಂದರೆ ಸೆಕೆಂಡಿಗೆ 75 ಚಿತ್ರ ತೋರಿಸುತ್ತೆ, ಮುಗೀತು. ಕಾರ್ಡು 160 ಫ್ರೇಮ್ ಮಾಡಿಕೊಟ್ಟರೂ ಕಣ್ಣಿಗೆ ಬೀಳೋದು 75. ಮೌಸ್ ಒತ್ತಿದ್ದು ಸ್ವಲ್ಪ ಬೇಗ ತಟ್ಟುತ್ತೆ ಅನ್ನೋದು ನಿಜ, ಆದರೆ ಅದಕ್ಕೋಸ್ಕರ ಹದಿನೈದು ಸಾವಿರ ಜಾಸ್ತಿ ಕೊಡೋಷ್ಟು ದೊಡ್ಡ ಆಟಗಾರರು ನಮ್ಮ ಬ್ಯಾಚಲ್ಲಿ ಇಲ್ಲ. ಇದ್ದರೆ ಕ್ಷಮಿಸಿ, ಫೆಸ್ಟಿನ ಟೂರ್ನಮೆಂಟಲ್ಲಿ ನೋಡಿಕೊಳ್ಳೋಣ.

ಆಮೇಲೆ ನಿಮ್ಮ ಪಿಸಿಯಲ್ಲಿ ಅಡ್ಡಗಾಲು ಹಾಕುತ್ತಿರೋದು ಯಾರು ಅಂತ ನೋಡಿ. (ಬಾಟಲ್‌ನೆಕ್‌ಗೆ ಕನ್ನಡದಲ್ಲಿ ಏನನ್ನಬೇಕು ಅಂತ ಕ್ಲಬ್ಬಲ್ಲಿ ಅರ್ಧ ಗಂಟೆ ಜಗಳ ಆಯಿತು. ಒಬ್ಬಳು "ಶೀಶೆಕತ್ತು" ಅಂದಳು. ನಾವು ಅಡ್ಡಗಾಲಿಗೇ ನಿಂತಿದ್ದೇವೆ.) ಎಂಎಸ್‌ಐ ಆಫ್ಟರ್‌ಬರ್ನರ್ ಹಾಕಿಕೊಂಡು ನೀವು ನಿಜವಾಗಿ ಆಡೋ ಆಟ ಆಡಿ. ಫ್ರೇಮ್ ಲಿಮಿಟ್ ತೆಗೆದಿಟ್ಟು, ಕಾರ್ಡಿನ ಬಳಕೆ 97, 98 ಪರ್ಸೆಂಟಿಗೆ ಅಂಟಿಕೊಂಡಿದ್ದರೆ ಕಾರ್ಡು ಸುಸ್ತಾಗಿದೆ, ಬದಲಾಯಿಸಿದರೆ ಉಪಯೋಗ ಆಗುತ್ತೆ. 60 ಪರ್ಸೆಂಟಲ್ಲೇ ಕೂತು ಆಟ ಮಾತ್ರ ತಡವರಿಸುತ್ತಿದ್ದರೆ ಪ್ರೊಸೆಸರ್ ಕಡೆ ನೋಡಿ. ಇನ್ನೂ ಅನುಮಾನ ಇದ್ದರೆ ರೆಸಲ್ಯೂಶನ್ ಇಳಿಸಿ ನೋಡಿ. ಇಳಿಸಿದರೂ ಫ್ರೇಮ್ ಏರಲಿಲ್ಲ ಅಂದರೆ ಕಾರ್ಡಿನ ಮೇಲೆ ಹಾಕೋ ದುಡ್ಡು ನೀರಲ್ಲಿ ಹಾಕಿದ ಹಾಗೆ. ನಮ್ಮ ಪಿಸಿಯಲ್ಲಿ ವ್ಯಾಲರಂಟಿಗೆ 1650ಕ್ಕೂ 3060ಕ್ಕೂ ವ್ಯತ್ಯಾಸ ಹುಡುಕಬೇಕು. ಫೋರ್ಜಾದಲ್ಲಿ ಹುಡುಕಬೇಕಾಗಿಲ್ಲ.

ಹಾಗಾದರೆ 3060 ಯಾಕೆ, ಹೊಸ 4060 ಯಾಕಲ್ಲ ಅಂತ ಎಲ್ಲರೂ ಕೇಳಿದರು. ಆಟದ ವೇಗದಲ್ಲಿ 4060 ಮುಂದೆ, ಅದೂ 115 ವ್ಯಾಟಲ್ಲೇ. ನಾವು ಅಲ್ಲಗಳೆಯಲ್ಲ. ಆದರೆ ಬೋರ್ಡು ನೋಡಬೇಕು. ಬಿ450 ಅಂದರೆ ಪಿಸಿಐ ಎಕ್ಸ್‌ಪ್ರೆಸ್ 3.0. ಕಾರ್ಡಿಗೂ ಪ್ರೊಸೆಸರಿಗೂ ನಡುವಿನ ರಸ್ತೆ ಅದು. 4060 ಆ ರಸ್ತೆಯ 16 ಲೇನಲ್ಲಿ 8ನ್ನು ಮಾತ್ರ ಬಳಸುತ್ತೆ. ಹೊಸ ಬೋರ್ಡಲ್ಲಿ 8 ಲೇನ್ ಧಾರಾಳ ಸಾಕು. ಹಳೇ ಬೋರ್ಡಲ್ಲೂ ಮೆಮೊರಿ ತುಂಬದಿದ್ದರೆ ದೊಡ್ಡ ತೊಂದರೆ ಇಲ್ಲ. 8 ಜಿಬಿ ತುಂಬಿ, ಉಳಿದದ್ದು ಪಿಸಿಯ ರ‍್ಯಾಮಿಂದ ಆ ರಸ್ತೆಯಲ್ಲಿ ಓಡಾಡೋಕೆ ಶುರು ಮಾಡಿದಾಗ ಕಷ್ಟ. ಆಗ ಸರಾಸರಿ ಫ್ರೇಮ್ ಚೆನ್ನಾಗೇ ಕಾಣುತ್ತೆ, ಆದರೆ ತಿರುವಿನಲ್ಲಿ ಕಾರು ಒಂದು ಕ್ಷಣ ನಿಂತು ಹೋಗುತ್ತೆ. 3060ಗೆ 12 ಜಿಬಿ, 16 ಲೇನ್. ನಮ್ಮ ಹಳೇ ಬೋರ್ಡಿಗೆ ಅದು ಹೊಂದುತ್ತೆ ಅನಿಸಿತು. ನಿಮ್ಮದು ಹೊಸ ಬೋರ್ಡಾದರೆ, ಮನೆಯಲ್ಲಿ ಕೊಡೋ ಶಕ್ತಿ ಇದ್ದರೆ, ವಾರಂಟಿ ಸಮೇತ ಹೊಸದು ತಗೊಳ್ಳಿ. 16 ಜಿಬಿಯ ಆರ್‌ಎಕ್ಸ್ 9060 ಎಕ್ಸ್‌ಟಿ ನೋಡಿ ನಮಗೂ ಬಾಯಲ್ಲಿ ನೀರು ಬರುತ್ತೆ. ಆದರೆ 8 ಜಿಬಿ ಮತ್ತು 16 ಜಿಬಿ ಎರಡಕ್ಕೂ ಅದೇ ಹೆಸರಿಟ್ಟು ಮಾರೋದು ನಮ್ಮಂಥವರ ಕಣ್ಣಿಗೆ ಮಣ್ಣೆರಚೋ ಕೆಲಸ ಅಂತ ನಮ್ಮ ನಾಲ್ಕೂ ಜನದ ಒಮ್ಮತದ ಅಭಿಪ್ರಾಯ. ಒಮ್ಮತ ನಮ್ಮನೆಯಲ್ಲಿ ಅಪರೂಪ.

ಯುಪಿಎಸ್ ವಿಷಯ ಯಾವ ರಿವ್ಯೂನಲ್ಲೂ ಬರಲ್ಲ, ಯಾಕಂದರೆ ಅವರಿಗೆ ನಮ್ಮ ಏರಿಯಾದ ಕರೆಂಟ್ ಗೊತ್ತಿಲ್ಲ. ಮನೆಮನೆಯಲ್ಲಿರೋ 600 ವಿಎ ಯುಪಿಎಸ್ ಕೊಡೋದು ಸಾಮಾನ್ಯವಾಗಿ 360 ವ್ಯಾಟ್. ಹೊಸ ಕಾರ್ಡು, ಪ್ರೊಸೆಸರ್, ಮಾನಿಟರ್ ಎಲ್ಲ ಸೇರಿ ನಾವು ಅದರ ಅಂಚಿಗೇ ಬಂದಿದ್ದೆವು. ಕರೆಂಟ್ ಹೋದ ತಕ್ಷಣ ಕೂಗಿ ಅದೂ ಆಫ್ ಆಗುತ್ತಿತ್ತು. ಇನ್ನೊಂದು ಯುಪಿಎಸ್‌ಗೆ ದುಡ್ಡಿರಲಿಲ್ಲ. ಆಫ್ಟರ್‌ಬರ್ನರಲ್ಲೇ ಕಾರ್ಡಿನ ಪವರ್ ಲಿಮಿಟ್ 80 ಪರ್ಸೆಂಟಿಗೆ ಇಳಿಸಿದೆವು, ಅಂದರೆ 170ರಿಂದ 136 ವ್ಯಾಟಿಗೆ. ಆಟದಲ್ಲಿ ಏನು ಕಮ್ಮಿಯಾಯಿತು ಅಂತ ನಮ್ಮ ಕಣ್ಣಿಗೆ ಗೊತ್ತಾಗಲಿಲ್ಲ. ಫ್ಯಾನಿನ ಗದ್ದಲ ಮಾತ್ರ ಕಮ್ಮಿಯಾಯಿತು. ಕರೆಂಟ್ ಬಿಲ್ ಕೂಡ ಲೆಕ್ಕಕ್ಕೆ ಇಟ್ಟುಕೊಳ್ಳಿ. 300 ವ್ಯಾಟ್, ದಿನಕ್ಕೆ 4 ಗಂಟೆ, ತಿಂಗಳಿಗೆ 36 ಯೂನಿಟ್. ಗೃಹಜ್ಯೋತಿಯಲ್ಲಿ 200 ಯೂನಿಟ್ ದಾಟಿದರೆ ಪೂರ್ತಿ ಬಿಲ್ ಕಟ್ಟಬೇಕು. ಓನರ್ ಆಂಟಿ ಮೀಟರ್ ನೋಡಿ ಮೇಲೆ ಹತ್ತಿ ಬಂದ ದಿನ ಯಾವ ಎಫ್‌ಪಿಎಸ್ಸೂ ಕಾಪಾಡಲ್ಲ.

ಮೈನಿಂಗ್ ಕಾರ್ಡಿನ ಬಗ್ಗೆ ನಮ್ಮ ಮನಸ್ಸು ಬದಲಾಗಿದೆ. 2022ರ ಸೆಪ್ಟೆಂಬರಲ್ಲಿ ಇಥೀರಿಯಂ ತನ್ನ ಪದ್ಧತಿ ಬದಲಾಯಿಸಿ ಕಾರ್ಡುಗಳಿಂದ ಮೈನಿಂಗ್ ಮಾಡೋದೇ ನಿಂತುಹೋದ ಮೇಲೆ ರಾಶಿ ರಾಶಿ ಕಾರ್ಡು ಸೆಕೆಂಡ್ ಹ್ಯಾಂಡ್ ಮಾರ್ಕೆಟ್ಟಿಗೆ ಬಂದವು. ಅವೆಲ್ಲ ಸತ್ತವು ಅಂತ ತೀರ್ಮಾನ ಮಾಡೋ ಹಾಗಿಲ್ಲ. ಫ್ಯಾನು ಸವೆದಿರಬಹುದು, ಥರ್ಮಲ್ ಪೇಸ್ಟ್ ಒಣಗಿರಬಹುದು. ಟೆಸ್ಟ್ ಮಾಡದೆ ತರೋದು ನಿಜವಾದ ಅಪಾಯ. ಮಾರುವವರ ಮನೆಯಲ್ಲೇ ಜಿಪಿಯು-ಝಡ್ ಹಾಕಿ ನೋಡಿ. ಹಳೇ ಕಾರ್ಡಿನ ಬಯೋಸ್ ತಿದ್ದಿ ಹೊಸದರ ಹೆಸರು ಬರೆದಿದ್ದರೆ ಬಹಳಷ್ಟು ಸಲ ಅದೇ ನಕಲಿ ಅಂತ ತೋರಿಸುತ್ತೆ. ಆರ್‌ಎಕ್ಸ್ 580 ಆದರೆ ಶೇಡರ್ 2304 ಇರಬೇಕು. 2048 ಅಂತ ಬಂದರೆ ಅದು ಹೆಸರಿಗೆ ಮಾತ್ರ 580. ಅರ್ಧ ಗಂಟೆ ಭಾರದ ಆಟ ಓಡಿಸಿ, ಬಿಸಿ ನೋಡಿ, ಎಲ್ಲ ಪೋರ್ಟಿಗೂ ಮಾನಿಟರ್ ಸಿಕ್ಕಿಸಿ ನೋಡಿ, ಬಿಲ್ ಕೇಳಿ ಇಸ್ಕೊಳ್ಳಿ. ಕ್ಯಾಬಿನೆಟ್ಟಿನ ಅಳತೆ ಬರೆದುಕೊಂಡು ಹೋಗಿ. ನಮ್ಮ ಪಕ್ಕದ ಮನೆಯವರು ಮೂರು ಫ್ಯಾನಿನ ಕಾರ್ಡು ತಂದು ಹಾರ್ಡ್ ಡಿಸ್ಕಿನ ಗೂಡು ಗರಗಸದಲ್ಲಿ ಕೊಯ್ದರು.

ಇನ್ನೊಂದು ವಿಷಯ ಬರೆಯಬೇಕೋ ಬೇಡವೋ ಅಂತ ಯೋಚನೆ ಇತ್ತು. ಅರಸೀಕೆರೆಯವನೇ ಬರೀರಿ ಅಂದ. ಮೊದಲ ಕಾರ್ಡಿಗೆ ಅವನು ಹಾಕಿದ ದುಡ್ಡು ಅವರಮ್ಮ ಸ್ತ್ರೀಶಕ್ತಿ ಸಂಘದಿಂದ ಸಾಲ ತೆಗೆದು ಕಳಿಸಿದ್ದು. ಪ್ರಾಜೆಕ್ಟಿಗೆ ಬೇಕು ಅಂದಿದ್ದ. ನಾವೇ ಹೇಳಿಕೊಟ್ಟಿದ್ದೆವು, ಎಲ್ಲರೂ ಹಾಗೇ ಹೇಳೋದು ಅಂತ. ದೀಪಾವಳಿಗೆ ಊರಿಗೆ ಹೋದಾಗ ಅವರು, "ಪ್ರಾಜೆಕ್ಟು ಆಯ್ತೇನಪ್ಪಾ?" ಅಂತ ಕೇಳಿದರಂತೆ. ಆ ಹೊತ್ತಿಗೆ ಕಾರ್ಡು ಜೂನಿಯರ್ ರೂಮಲ್ಲಿತ್ತು. ಇವನು ಹ್ಞೂಂ ಅಂದ.

3060 ಬಂದ ಮೇಲೆ ಅವನು ನಿಜವಾಗಿಯೂ ಮಿನಿ ಪ್ರಾಜೆಕ್ಟಿಗೆ ತೆಂಗಿನ ಗರಿಯ ರೋಗ ಗುರುತಿಸೋ ಮಾಡೆಲ್ ಒಂದನ್ನ ಅದರ ಮೇಲೇ ಟ್ರೇನ್ ಮಾಡುತ್ತಿದ್ದಾನೆ. ಕೂಡಾ ಎನ್ವಿಡಿಯಾ ಕಾರ್ಡಿನಲ್ಲಿ ಮಾತ್ರ ಓಡೋದು, ಪುಕ್ಕಟೆ ಕೋಲ್ಯಾಬು ಮಧ್ಯದಲ್ಲೇ ಕೈಕೊಡುತ್ತೆ. ಆದ್ದರಿಂದ ಮಷಿನ್ ಲರ್ನಿಂಗ್ ಮಾಡುವವರಿಗೆ ಈ ಕಾರ್ಡಿಗೆ ಒಂದು ನ್ಯಾಯವಾದ ಕಾರಣ ಇದೆ. ಆದರೆ ಹೋದ ತಿಂಗಳ ಲೆಕ್ಕ ತೆಗೆದರೆ ಮಾಡೆಲ್ಲಿಗೆ ಸಿಕ್ಕಿದ್ದು ಎರಡು ರಾತ್ರಿ, ಉಳಿದದ್ದೆಲ್ಲ ಫೋರ್ಜಾ. ಮನೆಯಲ್ಲಿ ಗೇಮ್ ಆಡೋಕೆ ಅಂತಲೇ ಹೇಳಿ ಕೇಳಿ ಅನ್ನೋದು ನಮ್ಮ ವಾದ. ಬೈತಾರೆ, ಕೊಡದೇ ಇರಬಹುದು. ಆಗ 1650ರಲ್ಲೇ ಸೆಟ್ಟಿಂಗ್ಸ್ ಇಳಿಸಿ ಆಡಬಹುದು, ನಾವು ಒಂದು ವರ್ಷ ಆಡಿಲ್ವಾ? ಅವನು ಮೊನ್ನೆ ಫೋನ್ ಮಾಡಿ ಅಮ್ಮನಿಗೆ ನಿಜ ಹೇಳಿದ. ಅವರೇನಂದರು ಅಂತ ನಮಗೆ ಹೇಳಿಲ್ಲ, ನಾವೂ ಕೇಳಿಲ್ಲ. ಸಂಘದ ಕಂತು ಈಗ ನಾಲ್ಕು ಜನ ಸೇರಿ ಕಳಿಸುತ್ತಿದ್ದೇವೆ, ಇನ್ನು ಮೂರು ತಿಂಗಳಿದೆ.

ನಿಮ್ಮಲ್ಲಿ ಯಾರಿಗಾದರೂ ಕಾರ್ಡು ಕೆಟ್ಟಿದೆ, ಮಾರಿದವರು ಮೋಸ ಮಾಡಿದರು ಅಂತ ಅನಿಸಿದರೆ, ಮೆಸೇಜ್ ಟೈಪ್ ಮಾಡೋ ಮುಂಚೆ ಆ ಕಾರ್ಡು ತಗೊಂಡು ನಮ್ಮನೆಗೆ ಬನ್ನಿ. ನಮ್ಮ ಎಸ್‌ಎಂಪಿಎಸ್ ಮೇಲೆ ಹಾಕಿ ನೋಡೋಣ, ಅರ್ಧ ಗಂಟೆಯ ಕೆಲಸ. ಈ ವಾರ ಮಾತ್ರ ಬೇಡ, ಇಂಟರ್ನಲ್ಸ್ ಇದೆ, ಪಿಸಿಯ ಪವರ್ ಕೇಬಲ್ ಮೈಸೂರಿನವನ ಬೀರುವಿನಲ್ಲಿ ಬೀಗ ಹಾಕಿ ಇಟ್ಟಿದ್ದೇವೆ.